ಹಳೆಯ ಗುಡಿ, ಕೆರೆ, ಗಣಿ ಉಳಿಸುವುದಕ್ಕೂ ಒಂದು ಸ್ನಾತಕೋತ್ತರ ಪದವಿ: ಅಲ್ಲಿ ಏನು ಕಲಿಸುತ್ತಾರೆ, ಯಾರು ಕಲಿಯಬಹುದು?

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಸುದ್ದಿ ಓದಿದ ತುಮಕೂರಿನವರಿಗೆ ಸಹಜವಾಗಿ ಒಂದು ಯೋಚನೆ ಬರುತ್ತದೆ. ಹೊಯ್ಸಳರ ಗುಡಿ ನಮ್ಮಲ್ಲೂ ಇವೆಯಲ್ಲ! ತುರುವೇಕೆರೆಯಲ್ಲಿ ಇವೆ, ನಾಗಲಾಪುರದಲ್ಲಿ ಇವೆ, ವಿಘ್ನಸಂತೆಯಲ್ಲಿ ಇದೆ. ಕೈದಾಳದ ಚೆನ್ನಕೇಶವನ ಗುಡಿ 12ನೇ ಶತಮಾನದ್ದು. ಜಕಣಾಚಾರಿಯ ಊರು ಅದೇ ಅಂತ ಜನ ಇವತ್ತಿಗೂ ಹೇಳುತ್ತಾರೆ. ಪಟ್ಟಿ ಸೇರಿದ ಮೂರು ಊರಿಗೆ ತಜ್ಞರು ಬರುತ್ತಾರೆ, ದುಡ್ಡೂ ಬರುತ್ತದೆ. ಪಟ್ಟಿ ಸೇರದ ಊರುಗಳ ಗತಿ?

ಅಲ್ಲಿ ಆಗುವುದು ನಮಗೆಲ್ಲ ಗೊತ್ತಿರುವ ಕಥೆ. ಊರಿನವರು ಭಕ್ತಿಯಿಂದ ಚಂದಾ ಎತ್ತುತ್ತಾರೆ. ಕಂಟ್ರಾಕ್ಟರ್ ಬರುತ್ತಾನೆ. ಹಳೇ ಕಲ್ಲಿನ ಮೇಲೆ ಎನಾಮಲ್ ಪೇಂಟ್ ಬೀಳುತ್ತದೆ, ನೆಲಕ್ಕೆ ಟೈಲ್ಸ್ ಬೀಳುತ್ತದೆ, ಬಿರುಕಿಗೆ ಸಿಮೆಂಟ್ ತುಂಬುತ್ತಾರೆ. ಯಾರೂ ಕೆಟ್ಟದ್ದು ಮಾಡಬೇಕು ಅಂತ ಮಾಡುವುದಿಲ್ಲ. ಬೇರೆ ದಾರಿ ಹೇಳಿಕೊಡುವವರು ಹತ್ತಿರದಲ್ಲಿ ಇರುವುದಿಲ್ಲ, ಅಷ್ಟೇ.

ಆ ಬೇರೆ ದಾರಿಯನ್ನು ಕಲಿಸುವ ಓದು ಇದೆ. ಪರಂಪರೆ ಸಂರಕ್ಷಣೆ ಮತ್ತು ಸುಸ್ಥಿರತೆ ಅಂತ ಅದನ್ನು ಕರೆಯಬಹುದು. ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹೆಸರು ಬೇರೆ. ಸಾಮಾನ್ಯವಾಗಿ ಡಿಗ್ರಿ ಮುಗಿದ ಮೇಲೆ ಎರಡು ವರ್ಷ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಾಲೇಜು ಮಕ್ಕಳಿಗೆ ಎಂಬಿಎ, ಎಂಸಿಎ, ಬಿಎಡ್ ಗೊತ್ತು. ಇದು ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಬುಡದಿಂದ ಶುರು ಮಾಡೋಣ.

ಪರಂಪರೆ ಅಂದರೆ ಯಾವುದೆಲ್ಲ?

ಗುಡಿ, ಕೋಟೆ, ಅರಮನೆ ಅಂತ ಥಟ್ಟನೆ ಹೇಳಿಬಿಡುತ್ತೇವೆ. ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ ಪರಂಪರೆ. ಶಿರಾದಲ್ಲಿರುವ 17ನೇ ಶತಮಾನದ ಮಲಿಕ್ ರಿಹಾನ್ ಗೋರಿ ಪರಂಪರೆ. ಬೂದಿಕೋಟೆ, ಗುಡಿಬಂಡೆ, ಆವನಿ, ಕುರುಡುಮಲೆ ಎಲ್ಲವೂ ಹೌದು. ಹೊಲದ ಬದುವಿನಲ್ಲಿ ಒರಗಿರುವ ವೀರಗಲ್ಲೂ ಹೌದು. ಊರ ಮುಂದಿನ ಕಲ್ಯಾಣಿ, ಕೆರೆಯ ತೂಬು, ಕೋಡಿ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಕೆಜಿಎಫ್‌ನ ಗಣಿ ಬಾವಿಗಳ ಮೇಲೆ ನಿಂತ ಕಬ್ಬಿಣದ ಗೋಪುರಗಳು ಕೈಗಾರಿಕಾ ಪರಂಪರೆ.

ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತುವೇ ಆಗಬೇಕು ಅಂತಲೂ ಇಲ್ಲ. ಹಾಡು, ಕುಣಿತ, ವಾದ್ಯ, ಕಸುಬು ಇವೂ ಸೇರುತ್ತವೆ. 2003ರಲ್ಲಿ ಯುನೆಸ್ಕೋ ಇದಕ್ಕೆಂದೇ ಬೇರೆ ಒಪ್ಪಂದ ಮಾಡಿತು. ತುಮಕೂರು ಕಡೆಯ ಮೂಡಲಪಾಯ ಯಕ್ಷಗಾನ, ಸೋಮನ ಕುಣಿತ ಇದೇ ಗುಂಪಿನವು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ವಾ, ಆ ತಮಟೆಯ ಬಡಿತವೂ ಪರಂಪರೆಯೇ. ಕಲ್ಲನ್ನು ಉಳಿಸುವ ವಿಧಾನ ಬೇರೆ, ಬಡಿತವನ್ನು ಉಳಿಸುವ ವಿಧಾನ ಬೇರೆ. ಬಡಿತ ಉಳಿಯಬೇಕಾದರೆ ಅದನ್ನು ಕಲಿಯುವ ಹುಡುಗರು ಬೇಕು, ಅವರಿಗೆ ಅದರಿಂದ ಗೌರವವೂ ಅನ್ನವೂ ಸಿಗಬೇಕು.

ಜೀರ್ಣೋದ್ಧಾರ ಬೇರೆ, ಸಂರಕ್ಷಣೆ ಬೇರೆ

ನಮ್ಮಲ್ಲಿ ಜೀರ್ಣೋದ್ಧಾರ ಅಂದರೆ ಸಾಮಾನ್ಯವಾಗಿ ಹಳೆಯದನ್ನು ಹೊಸದರಂತೆ ಮಾಡುವುದು. ಕೆಲವೊಮ್ಮೆ ಪೂರ್ತಿ ಕೆಡವಿ ಹೊಸದನ್ನು ಕಟ್ಟುವುದೂ ಅದೇ ಹೆಸರಿನಲ್ಲಿ ನಡೆಯುತ್ತದೆ. ಸಂರಕ್ಷಣೆಯ ಗುರಿ ಬೇರೆ. ಇರುವುದನ್ನು ಇರುವ ಹಾಗೆಯೇ, ಇನ್ನಷ್ಟು ಕಾಲ ಬಾಳುವಂತೆ ಮಾಡುವುದು. ಹಳೆಯದು ಹಳೆಯದಾಗಿಯೇ ಕಾಣಬೇಕು.

ಇದಕ್ಕೆ ಜಗತ್ತಿನಾದ್ಯಂತ ಒಪ್ಪಿಕೊಂಡ ಕೆಲವು ನಿಯಮಗಳಿವೆ. 1964ರಲ್ಲಿ ಇಟಲಿಯ ವೆನಿಸ್‌ನಲ್ಲಿ ತಜ್ಞರು ಸೇರಿ ಒಂದು ಸನ್ನದು ಬರೆದರು. ವೆನಿಸ್ ಚಾರ್ಟರ್ ಅಂತ ಹೆಸರು. ಈ ವಿಷಯ ಓದುವವರು ಮೊದಲು ಕೈಗೆತ್ತಿಕೊಳ್ಳುವ ದಾಖಲೆಗಳಲ್ಲಿ ಇದೂ ಒಂದು. ಅದು ಹೇಳುವ ಮುಖ್ಯ ಮಾತುಗಳು ಸರಳವಾಗಿವೆ. ಊಹೆಯ ಮೇಲೆ ಏನನ್ನೂ ಮತ್ತೆ ಕಟ್ಟಬೇಡಿ. ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗೊತ್ತಾಗಲಿ. ಎಲ್ಲ ಕಾಲದ ಕೆಲಸಕ್ಕೂ ಬೆಲೆ ಕೊಡಿ.

ಕೊನೆಯ ಮಾತು ಅರ್ಥವಾಗಬೇಕಾದರೆ ಚಿಕ್ಕಬಳ್ಳಾಪುರದ ಹತ್ತಿರದ ನಂದಿ ಗ್ರಾಮಕ್ಕೆ ಹೋಗಬೇಕು. ಅಲ್ಲಿನ ಭೋಗನಂದೀಶ್ವರ ದೇವಾಲಯದ ಮೂಲ 9ನೇ ಶತಮಾನಕ್ಕೆ ಹೋಗುತ್ತದೆ. ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕಾಲದ ಗುರುತೂ ಅಲ್ಲಿ ಒಂದರ ಪಕ್ಕ ಒಂದು ಇದೆ. ಭೋಗನಂದೀಶ್ವರ ಮತ್ತು ಅರುಣಾಚಲೇಶ್ವರ ಗುಡಿಗಳ ನಡುವೆ ಉಮಾಮಹೇಶ್ವರನ ಗುಡಿ, ಕಲ್ಯಾಣ ಮಂಟಪ. ಆಚೆಗೆ ಶೃಂಗಿತೀರ್ಥ ಅನ್ನುವ ದೊಡ್ಡ ಕಲ್ಯಾಣಿ. ಯಾರಾದರೂ ಬಂದು, 9ನೇ ಶತಮಾನದ್ದು ಮಾತ್ರ ಅಸಲಿ, ಆಮೇಲೆ ಸೇರಿದ್ದನ್ನೆಲ್ಲ ತೆಗೆದುಬಿಡೋಣ ಅಂದರೆ? ಗುಡಿಯ ಸಾವಿರ ವರ್ಷದ ಬಾಳು ಹೋಗಿಬಿಡುತ್ತದೆ. ಯಾವ ಪದರವನ್ನು ಉಳಿಸಬೇಕು, ಎರಡು ಪದರ ಒಂದಕ್ಕೊಂದು ಅಡ್ಡ ಬಂದರೆ ಏನು ಮಾಡಬೇಕು ಅನ್ನುವುದು ಈ ಓದಿನ ಅತಿ ಕಷ್ಟದ ಪ್ರಶ್ನೆಗಳಲ್ಲಿ ಒಂದು.

ವೆನಿಸ್ ಸನ್ನದು ಹೆಚ್ಚಾಗಿ ಯುರೋಪಿನ ಕಲ್ಲು ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು. ಜಪಾನಿನಂಥ ದೇಶಗಳಲ್ಲಿ ಮರದ ದೇವಾಲಯದ ಭಾಗಗಳನ್ನು ಕಾಲಕಾಲಕ್ಕೆ ಬದಲಾಯಿಸುವುದೇ ಪದ್ಧತಿ. ಹಾಗಾಗಿ 1994ರಲ್ಲಿ ಜಪಾನಿನ ನಾರಾದಲ್ಲಿ ಇನ್ನೊಂದು ದಾಖಲೆ ಬಂತು. ಅಸಲಿತನವನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ನೋಡಬೇಕು ಅಂತ ಅದು ಹೇಳಿತು. ಇದು ನಮಗೂ ಬೇಕಾದ ಮಾತು. ಕೋಲಾರಮ್ಮನ ಗುಡಿ ಬರೀ ಸ್ಮಾರಕವಲ್ಲ. ಅಲ್ಲಿ ದಿನವೂ ಪೂಜೆ ನಡೆಯುತ್ತದೆ. ದೀಪದ ಎಣ್ಣೆ, ಹೊಗೆ, ಕುಂಕುಮ, ಅಭಿಷೇಕದ ನೀರು ಎಲ್ಲ ಇರುತ್ತದೆ. ಸಂರಕ್ಷಕರು ಪೂಜೆಯನ್ನು ತಡೆಯಲು ಬರುವುದಿಲ್ಲ. ಪೂಜೆ ನಡೆಯುತ್ತಲೇ ಕಲ್ಲು ಹೇಗೆ ಉಳಿದೀತು ಅಂತ ಅರ್ಚಕರ ಜೊತೆ ಕೂತು ಯೋಚಿಸುತ್ತಾರೆ. ದೀಪ ಎಲ್ಲಿಡಬೇಕು, ನೀರು ಯಾವ ಕಡೆ ಹರಿಯಬೇಕು ಅನ್ನುವಷ್ಟು ಸಣ್ಣ ವಿಷಯಗಳು ಇವು.

ಸಿಮೆಂಟ್ ಹಾಕಿದರೆ ಏನಾಗುತ್ತದೆ?

ಜನರಿಗೆ ನಂಬಲು ಕಷ್ಟವಾಗುವುದು ಇಲ್ಲೇ. ಸಿಮೆಂಟ್ ಗಟ್ಟಿ, ಸುಣ್ಣದ ಗಾರೆ ಮೆತ್ತಗೆ. ಗಟ್ಟಿಯಾದದ್ದನ್ನು ಹಾಕಿದರೆ ಕಟ್ಟಡ ಗಟ್ಟಿಯಾಗಬೇಕಲ್ವಾ? ಹಳೇ ಕಟ್ಟಡದಲ್ಲಿ ಆಗುವುದು ಉಲ್ಟಾ.

ಹಳೆಯ ಗೋಡೆಗಳಿಗೆ ಕೆಳಗೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಮೇಲೇರುತ್ತಲೇ ಇರುತ್ತದೆ. ಇಟ್ಟಿಗೆ, ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಏರಿದ ತೇವ ಅವುಗಳ ಮೂಲಕ ಆರಿ ಹೋಗುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಅಥವಾ ಎನಾಮಲ್ ಪೇಂಟ್ ಬಳಿಯುವುದು, ಬೆವರುತ್ತಿರುವ ಮೈಗೆ ರೇನ್‌ಕೋಟ್ ತೊಡಿಸಿದ ಹಾಗೆ. ಹೊರಗಿನ ನೀರು ಒಳಗೆ ಬಾರದೇ ಇರಬಹುದು, ಒಳಗಿನದು ಹೊರಗೆ ಹೋಗುವುದೂ ಇಲ್ಲ.

ಆ ತೇವದಲ್ಲಿ ಉಪ್ಪು ಕರಗಿರುತ್ತದೆ. ಮಣ್ಣಿನದು ಸ್ವಲ್ಪ, ಸಿಮೆಂಟಿನದೇ ಸ್ವಲ್ಪ. ಸಿಮೆಂಟಿನ ಮೂಲಕ ಆರಲು ದಾರಿ ಸಿಗದ ನೀರು, ಪಕ್ಕದ ಹಳೇ ಇಟ್ಟಿಗೆ ಅಥವಾ ಮೆತ್ತಗಿನ ಕಲ್ಲಿನ ಕಡೆ ತಿರುಗುತ್ತದೆ. ಅಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪು ಹರಳಾಗುವಾಗ ಉಬ್ಬುತ್ತದೆ. ಕಲ್ಲಿನ ಮೇಲ್ಮೈಯ ಹಿಂದೆ ಕೂತು ಅದನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಮಳೆ ಬಂದಾಗ ಕರಗುವುದು, ಬಿಸಿಲಲ್ಲಿ ಮತ್ತೆ ಹರಳಾಗುವುದು. ಹೀಗೆ ವರ್ಷಾನುಗಟ್ಟಲೆ ನಡೆದರೆ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿ ಹಾಗೇ ನಿಂತಿರುತ್ತದೆ. ಅದರ ಪಕ್ಕದ ಹಳೇ ಭಾಗ ಸವೆದಿರುತ್ತದೆ.

ಹಳೇ ಗಾರೆಯ ರಸಾಯನ ಬಹಳ ಚೆನ್ನಾಗಿದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಬುಸು ಕಾದು ಅರಳಿದ ಸುಣ್ಣ ಆಗುತ್ತದೆ. ಇದನ್ನು ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದು ಗೋಡೆಗೆ ಹಾಕುತ್ತಾರೆ. ಅಲ್ಲಿ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಅನ್ನು ಮತ್ತೆ ಹೀರಿಕೊಂಡು ನಿಧಾನವಾಗಿ ಸುಣ್ಣದ ಕಲ್ಲೇ ಆಗುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುವ ಪದ್ಧತಿಯೂ ಇತ್ತು. ಗಾರೆಯ ಅಂಟು, ಗಟ್ಟಿಯಾಗುವ ವೇಗ ಇವುಗಳಿಂದ ಬದಲಾಗುತ್ತದೆ. ಹಿಂದೆ ಮೇಸ್ತ್ರಿಗಳಿಗೆ ಕೈಯಲ್ಲೇ ಇದ್ದ ಈ ತಿಳಿವಳಿಕೆಯನ್ನು ಈಗ ಪ್ರಯೋಗಾಲಯದಲ್ಲಿ ಅಳೆದು ಕಲಿಸುತ್ತಾರೆ. ಹಳೇ ಗಾರೆಯ ಚೂರೊಂದನ್ನು ಪರೀಕ್ಷಿಸಿ, ಅದರಲ್ಲಿ ಸುಣ್ಣ ಎಷ್ಟು, ಮರಳು ಎಷ್ಟು ಅಂತ ನೋಡಿ, ಅದಕ್ಕೆ ಹೊಂದುವ ಹೊಸ ಗಾರೆ ಮಾಡುವುದು ವಿದ್ಯಾರ್ಥಿಗಳ ಸಾಮಾನ್ಯ ಅಭ್ಯಾಸ.

ಕಬ್ಬಿಣದ ಕಥೆಯೂ ಇಂಥದ್ದೇ. ಬಿರುಕು ಬಿಟ್ಟ ಕಲ್ಲಿಗೆ ಕಬ್ಬಿಣದ ಪಟ್ಟಿ ಹೊಡೆದರೆ, ತುಕ್ಕು ಹಿಡಿದಾಗ ಅದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಇನ್ನು ಸ್ಯಾಂಡ್ ಬ್ಲಾಸ್ಟಿಂಗ್. ಮರಳನ್ನು ಭಾರೀ ಒತ್ತಡದಲ್ಲಿ ಕಲ್ಲಿಗೆ ಹೊಡೆದು ಹಳೇ ಬಣ್ಣ ತೆಗೆಯುತ್ತಾರೆ. ಬಣ್ಣದ ಜೊತೆಗೆ ಉಳಿಯ ಗುರುತು, ಶಾಸನದ ಅಕ್ಷರ, ಮೂರ್ತಿಯ ಮೂಗು ತುಟಿಯ ಅಂಚು ಕೂಡ ಸವೆಯುತ್ತವೆ. ನಮ್ಮ ಕಡೆಯ ಗ್ರಾನೈಟ್ ಜಾತಿಯ ಕಲ್ಲು ಸ್ವಲ್ಪ ತಡೆದೀತು. ಹೊಯ್ಸಳರ ಬಳಪದ ಕಲ್ಲು ತಡೆಯುವುದಿಲ್ಲ. ಸಂರಕ್ಷಕರು ಮೊದಲು ಕಾಣದ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಪ್ರಯೋಗ ಮಾಡುತ್ತಾರೆ. ಮೃದು ಬ್ರಷ್, ನೀರು, ಬೇಕಿದ್ದರೆ ಹಗುರವಾದ ರಾಸಾಯನಿಕ, ಈ ಕ್ರಮದಲ್ಲಿ ಹೋಗುತ್ತಾರೆ. ಉಪ್ಪು ತೆಗೆಯಲು ನೆನೆಸಿದ ಕಾಗದದ ತಿರುಳನ್ನು ಕಲ್ಲಿಗೆ ಮೆತ್ತಿ ಬಿಡುತ್ತಾರೆ. ಆರುವಾಗ ಅದು ಉಪ್ಪನ್ನು ಎಳೆದುಕೊಳ್ಳುತ್ತದೆ.

ಸುಸ್ಥಿರತೆ ಇದರಲ್ಲಿ ಎಲ್ಲಿಂದ ಬಂತು?

ಸುಸ್ಥಿರತೆ ಅಂದರೆ ಇವತ್ತಿನ ಅಗತ್ಯಕ್ಕಾಗಿ ನಾಳೆಯವರ ಪಾಲನ್ನು ಖಾಲಿ ಮಾಡದೆ ಬದುಕುವುದು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ಊರು, ನಗರಗಳದ್ದು. ಅದರ ಒಳಗೇ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆ ಕಾಯುವ ಮಾತು ಇದೆ. ಹಾಗಾಗಿ ಈಗಿನ ಕೋರ್ಸುಗಳಲ್ಲಿ ಎರಡನ್ನೂ ಸೇರಿಸಿ ಓದಿಸುತ್ತಾರೆ.

ಒಂದು ಕಾರಣ ನೇರವಾದದ್ದು. ಹಳೇ ಕಟ್ಟಡ ಕೆಡವಿ ಹೊಸದನ್ನು ಕಟ್ಟಿದರೆ ಮತ್ತೆ ಇಟ್ಟಿಗೆ, ಕಬ್ಬಿಣ, ಸಿಮೆಂಟ್ ಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ನಿಂತಿರುವ ಕಟ್ಟಡಕ್ಕೆ ಆ ಖರ್ಚು ಎಂದೋ ಆಗಿಹೋಗಿದೆ. ಅದನ್ನು ರಿಪೇರಿ ಮಾಡಿ ಬಳಸಿದರೆ ಅಷ್ಟು ಉಳಿಯಿತು. ದಪ್ಪ ಗೋಡೆ, ತೊಟ್ಟಿ, ಎತ್ತರದ ಮಾಳಿಗೆ ಇರುವ ಮನೆಗಳಲ್ಲಿ ಬೇಸಿಗೆಯಲ್ಲೂ ತಂಪು ಜಾಸ್ತಿ. ಅದಕ್ಕೆ ಕರೆಂಟ್ ಬೇಕಿಲ್ಲ.

ಇನ್ನೊಂದು ಕಾರಣ ನೀರು. ಕೋಲಾರ, ಚಿಕ್ಕಬಳ್ಳಾಪುರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಈ ಸೀಮೆ ಬದುಕಿದ್ದು ಕೆರೆಗಳಿಂದ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೆ ಕೆಳಗೆ. ತೂಬು ತೆಗೆದು ಯಾವ ಗದ್ದೆಗೆ ಎಷ್ಟು ನೀರು ಅಂತ ಹಂಚಲು ನೀರುಗಂಟಿ ಇದ್ದ. ಶಾಸನಗಳಲ್ಲಿ ಕಟ್ಟುಕೊಡಗೆ, ದಶವಂದ ಅಂತ ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಜಮೀನು ಅದು. ಗುಡಿಗಳಿಗೂ ಹಾಗೇ. ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಪಡಿಸಲು ಇಷ್ಟು ಭೂಮಿ ಅಂತ ದತ್ತಿ ಬರೆದ ಶಾಸನಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಕಟ್ಟುವಾಗಲೇ ಮುಂದಿನ ರಿಪೇರಿಗೆ ಆದಾಯದ ದಾರಿ ಮಾಡಿಡುತ್ತಿದ್ದರು. ಇವತ್ತಿನ ಪರಂಪರೆ ನಿರ್ವಹಣೆಯ ತರಗತಿಯಲ್ಲಿ ಕಲಿಸುವುದೂ ಮುಖ್ಯವಾಗಿ ಇದನ್ನೇ: ಒಮ್ಮೆ ದುಡ್ಡು ಸುರಿದು ಚಂದ ಮಾಡಿ ಹೋಗಬೇಡಿ, ಪ್ರತಿ ವರ್ಷದ ಸಣ್ಣ ನಿರ್ವಹಣೆಗೆ ವ್ಯವಸ್ಥೆ ಮಾಡಿ. ನನ್ನನ್ನು ಕೇಳಿದರೆ ಈ ಇಡೀ ಓದಿನ ಜೀವಾಳ ಇದೇ. ಮಾಳಿಗೆಯ ಮೇಲೆ ಹುಟ್ಟಿದ ಅರಳಿ ಸಸಿಯನ್ನು ಮೊದಲ ವರ್ಷವೇ ಕಿತ್ತರೆ ಐದು ನಿಮಿಷದ ಕೆಲಸ. ಬಿಟ್ಟರೆ ಬೇರು ಕಲ್ಲುಗಳ ನಡುವೆ ಇಳಿದು ಗೋಡೆಯನ್ನೇ ಬಿಚ್ಚುತ್ತದೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಒಣಗಿದ್ದ ಕೆರೆಗಳಲ್ಲಿ ನೀರು ಕಂಡಿದ್ದು ನಿಜ. ನೀರಿನ ಗುಣಮಟ್ಟದ ಬಗ್ಗೆ ಚರ್ಚೆಯೂ ನಡೆದಿದೆ. ಪರಂಪರೆ ಓದಿದವರು ಇಲ್ಲಿ ಬೇರೆ ಪ್ರಶ್ನೆಗಳನ್ನೂ ಕೇಳುತ್ತಾರೆ. ನೀರು ಬರುವ ಹಳೇ ಕಾಲುವೆಗಳು ಎಲ್ಲಿವೆ? ಕಲ್ಲಿನ ತೂಬಿನ ಜಾಗದಲ್ಲಿ ಕಾಂಕ್ರೀಟ್ ಹಾಕಿದರೆ ಏನು ಕಳೆದುಕೊಳ್ಳುತ್ತೇವೆ? ನೀರುಗಂಟಿಗೆ ಗೊತ್ತಿದ್ದ ಲೆಕ್ಕ ಈಗ ಯಾರಿಗೆ ಗೊತ್ತು?

ಹವಾಮಾನವೂ ಈಗ ಪಾಠದ ಭಾಗ. 2021ರ ಆಗಸ್ಟ್‌ನಲ್ಲಿ ನಂದಿ ಬೆಟ್ಟದ ದಾರಿಯಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗಿತ್ತು. ಕಡಿಮೆ ಹೊತ್ತಿನಲ್ಲಿ ಜಾಸ್ತಿ ಮಳೆ ಸುರಿದರೆ ಕೋಟೆ ಗೋಡೆ, ಕೆರೆ ಏರಿ, ಕಲ್ಯಾಣಿ ಮೆಟ್ಟಿಲು ಎಲ್ಲಕ್ಕೂ ಅಪಾಯ. ಅಪಾಯ ಎಲ್ಲಿ ಹೆಚ್ಚು ಅಂತ ಮೊದಲೇ ಗುರುತಿಸಿಡುವುದನ್ನೂ ಕಲಿಸುತ್ತಾರೆ.

ಕೆಜಿಎಫ್ ಕೇಳುವ ಪ್ರಶ್ನೆ

ಗುಡಿ, ಕೆರೆಗಳಿಗಿಂತ ಕಗ್ಗಂಟಾದ ಉದಾಹರಣೆ ಕೋಲಾರದ ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಅಲ್ಲಿ ದೊಡ್ಡ ಮಟ್ಟದ ಗಣಿಗಾರಿಕೆ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಹರಿಯಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಈಗ ಅಲ್ಲಿ ಉಳಿದಿರುವುದು ಏನು? ಗಣಿಯ ಗೋಪುರಗಳು, ಬಂಗಲೆಗಳು, ಕಾರ್ಮಿಕರ ಲೈನ್ ಮನೆಗಳು. ಜೊತೆಗೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು. ಜನ ಸಯನೈಡ್ ಗುಡ್ಡ ಅನ್ನುತ್ತಾರೆ. ಗಾಳಿ ಬೀಸಿದಾಗ ಆ ಧೂಳು ಮನೆಗಳಿಗೆ ಬರುತ್ತದೆ. ಇಲ್ಲಿ ಯಾವುದು ಪರಂಪರೆ, ಯಾವುದು ಮಾಲಿನ್ಯ? ಗುಡ್ಡ ಆ ಊರಿನ ಗುರುತೂ ಹೌದು, ತೊಂದರೆಯೂ ಹೌದು. ಬಂಗಲೆಗಳನ್ನು ಉಳಿಸಿ ಲೈನ್ ಮನೆಗಳನ್ನು ಕೆಡವಿದರೆ ಗಣಿಯ ಕಥೆಯಲ್ಲಿ ಕಾರ್ಮಿಕರ ಪಾಲು ಎಲ್ಲಿ ಉಳಿಯಿತು? ಪರಿಸರ, ಹೊಟ್ಟೆಪಾಡು, ನೆನಪು ಮೂರನ್ನೂ ಒಟ್ಟಿಗೆ ತೂಗಿ ನೋಡಬೇಕಾಗುತ್ತದೆ. ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವ ನಮ್ಮ ಜಿಲ್ಲೆಯ ವಿದ್ಯಾರ್ಥಿ ಇದಕ್ಕಿಂತ ದೂರ ಹೋಗಬೇಕಿಲ್ಲ.

ಎರಡು ವರ್ಷದಲ್ಲಿ ಏನೇನು ಇರುತ್ತದೆ?

ಮೊದಲು ದಾಖಲಿಸುವುದು ಕಲಿಸುತ್ತಾರೆ. ಟೇಪು ಹಿಡಿದು ಒಂದೊಂದು ಕಂಬ ಅಳೆದು ನಕ್ಷೆ ಬಿಡಿಸುವುದರಿಂದ ಹಿಡಿದು, ನೂರಾರು ಫೋಟೋ ಜೋಡಿಸಿ ಮೂರು ಆಯಾಮದ ಮಾದರಿ ಮಾಡುವುದು, ಲೇಸರ್ ಸ್ಕ್ಯಾನ್ ಮಾಡುವುದರವರೆಗೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಹೀಗೆ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸ ಮಾಡಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕೆಲವೊಮ್ಮೆ ಸ್ಕ್ಯಾನ್‌ನಲ್ಲಿ ಓದಲು ಸಿಗುತ್ತದೆ.

ಆಮೇಲೆ ವಸ್ತುಗಳ ವಿಜ್ಞಾನ, ಕಟ್ಟಡದ ರೋಗ ಪತ್ತೆ, ಕಾನೂನು, ನಿರ್ವಹಣಾ ಯೋಜನೆ, ಪ್ರವಾಸೋದ್ಯಮ, ಊರವರ ಜೊತೆ ಸಭೆ ನಡೆಸುವುದು. ರಸ್ತೆ, ಕ್ವಾರಿ ಅಥವಾ ದೊಡ್ಡ ಕಟ್ಟಡ ಬಂದರೆ ಪಕ್ಕದ ಸ್ಮಾರಕಕ್ಕೆ ಏನಾಗುತ್ತದೆ ಅಂತ ಅಂದಾಜಿಸುವ ಪರಂಪರೆ ಪರಿಣಾಮ ಅಧ್ಯಯನವೂ ಇದೆ. ಕಲ್ಲು ಗಣಿಗಾರಿಕೆ ಇರುವ ಚಿಕ್ಕಬಳ್ಳಾಪುರಕ್ಕೆ ಅದರ ಮಹತ್ವ ಹೇಳಬೇಕಾಗಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಒಂದು ಜಾಗ ಆರಿಸಿಕೊಂಡು ಪ್ರಬಂಧ.

ಯಾರು ಸೇರಬಹುದು, ಎಲ್ಲಿ?

ಮುಖ್ಯವಾಗಿ ಮೂರು ದಾರಿಗಳಿವೆ. ನೀವು ಯಾವ ಡಿಗ್ರಿ ಮಾಡಿದ್ದೀರಿ ಅನ್ನುವುದರ ಮೇಲೆ ದಾರಿ ಬದಲಾಗುತ್ತದೆ.

ಕಟ್ಟಡಗಳ ಸಂರಕ್ಷಣೆಗೆ ಬಿ.ಆರ್ಕ್, ಅಂದರೆ ವಾಸ್ತುಶಿಲ್ಪದ ಡಿಗ್ರಿ ಬೇಕು. ದೆಹಲಿ ಮತ್ತು ಭೋಪಾಲದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಲ್ಲಿ ಸಂರಕ್ಷಣೆಯ ಎಂ.ಆರ್ಕ್ ಇದೆ. ಅಹಮದಾಬಾದ್‌ನ ಸೆಪ್ಟ್ ವಿಶ್ವವಿದ್ಯಾಲಯದಲ್ಲೂ ಇದೆ. ಇಲ್ಲೊಂದು ಎಚ್ಚರಿಕೆ. ಆರ್ಕಿಟೆಕ್ಟ್‌ಗಳ 1972ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳುವಂತಿಲ್ಲ. ಹಾಗಾಗಿ ಬಿಎ ಮಾಡಿ ಪರಂಪರೆಯಲ್ಲಿ ಎಂಎ ಮಾಡಿದರೆ ಸಂರಕ್ಷಣಾ ಆರ್ಕಿಟೆಕ್ಟ್ ಆಗಲು ಆಗುವುದಿಲ್ಲ. ಬೇರೆ ಹುದ್ದೆಗಳಿವೆ.

ಎರಡನೆಯದು ವಸ್ತುಗಳ ಸಂರಕ್ಷಣೆ. ತಾಳೆಗರಿ, ಚಿತ್ರ, ಲೋಹದ ವಿಗ್ರಹ, ಬಟ್ಟೆ. ಇಲ್ಲಿ ಬಿಎಸ್‌ಸಿ, ಅದರಲ್ಲೂ ರಸಾಯನಶಾಸ್ತ್ರ ಓದಿದವರಿಗೆ ಒಳ್ಳೆಯ ತಳಪಾಯ ಇರುತ್ತದೆ. 1989ರಲ್ಲಿ ದೆಹಲಿಯಲ್ಲಿ ಶುರುವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಸಂರಕ್ಷಣೆ, ಮ್ಯೂಸಿಯಾಲಜಿ (ಮ್ಯೂಸಿಯಂ ನಡೆಸುವ ಶಾಸ್ತ್ರ), ಕಲಾ ಇತಿಹಾಸದಲ್ಲಿ ಎಂಎ ಕಲಿಸುತ್ತಿತ್ತು. ಈಗ ಅದು ನೊಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ. ಸಾಂಸ್ಕೃತಿಕ ಸ್ವತ್ತಿನ ಸಂರಕ್ಷಣೆಗೆ ಲಕ್ನೋದಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಯೋಗಾಲಯ ಇದೆ. ಅದರ ಪ್ರಾದೇಶಿಕ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ.

ಮೂರನೆಯದು ಇತಿಹಾಸ, ಪುರಾತತ್ವ, ನಿರ್ವಹಣೆಯ ದಾರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಈ ಓದು ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಬಿಎ ಮಾಡಿದವರಿಗೆ ಇದೇ ಹತ್ತಿರದ ಬಾಗಿಲು. ಹಳಗನ್ನಡ, ಶಾಸನ ಓದುವ ಶಕ್ತಿ ಇದ್ದರೆ ಇಲ್ಲಿ ಅದು ಆಸ್ತಿ. ಎಂಜಿನಿಯರಿಂಗ್ ಓದಿದವರಿಗೂ ಜಾಗ ಇದೆ. ಹಳೇ ಕಟ್ಟಡ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕುವುದೇ ಒಂದು ಪ್ರತ್ಯೇಕ ವಿಷಯ.

ಹೊರದೇಶದಲ್ಲಿ ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದಲ್ಲಿ ಸುಸ್ಥಿರ ಪರಂಪರೆಗೆಂದೇ ಒಂದು ಸಂಸ್ಥೆ ಇದೆ. ಜರ್ಮನಿಯ ಕಾಟ್‌ಬುಸ್‌ನಲ್ಲಿ ವಿಶ್ವ ಪರಂಪರೆ ಅಧ್ಯಯನ, ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಸಂರಕ್ಷಣೆ ಕಲಿಸುತ್ತಾರೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1964ರಿಂದಲೇ ಈ ಓದು ಇದೆ. ಖರ್ಚು ಜಾಸ್ತಿ. ಬ್ರಿಟನ್ನಿನ ಚೆವ್ನಿಂಗ್, ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್, ಜರ್ಮನಿಯ ಡಾಡ್ (DAAD) ವಿದ್ಯಾರ್ಥಿವೇತನಗಳನ್ನು ನೋಡಬಹುದು. ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕಲೆ ಮತ್ತು ಪರಂಪರೆ ಸಂರಕ್ಷಣೆಯವರಿಗೆ ಬ್ರಿಟನ್‌ನಲ್ಲಿ ಕಲಿಯಲು ನೆರವು ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಹೊರದೇಶದಲ್ಲಿ ಓದಲು ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ನಿಯಮಗಳು ಆಗಾಗ ಬದಲಾಗುತ್ತವೆ, ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನೇ ನೋಡಿ.

ಸ್ಮಾರಕದ ಪಕ್ಕ ಮನೆ ಇರುವವರಿಗೆ

ಓದುವವರಿಗೆ ಮಾತ್ರ ಸಂಬಂಧಿಸಿದ ವಿಷಯ ಇದಲ್ಲ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ ರಕ್ಷಿಸಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಅನ್ವಯ. 2010ರ ತಿದ್ದುಪಡಿ ಪ್ರಕಾರ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ. ಅಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ರಾಜ್ಯ ಇಲಾಖೆಯ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಬೇರೆ ಇದೆ.

ಕೋಲಾರ ಪೇಟೆಯ ಸೋಮೇಶ್ವರ ಗುಡಿಯ ಸುತ್ತ, ನಂದಿ ಗ್ರಾಮದ ಗುಡಿಯ ಸುತ್ತ ತಲೆಮಾರುಗಳಿಂದ ಜನ ಬದುಕುತ್ತಿದ್ದಾರೆ. ಮಗನಿಗೊಂದು ಕೋಣೆ ಕಟ್ಟಬೇಕು ಅನ್ನುವವರಿಗೆ ಈ ಮೀಟರ್ ಲೆಕ್ಕ ನಿಜವಾದ ಕಷ್ಟ. ಅವರನ್ನು ಸ್ಮಾರಕದ ಶತ್ರುಗಳ ಹಾಗೆ ನೋಡಿದರೆ ಸ್ಮಾರಕ ಉಳಿಯುವುದಿಲ್ಲ. ನಿಯಮವನ್ನು ಕನ್ನಡದಲ್ಲಿ ತಿಳಿಸಿ, ಅರ್ಜಿ ತುಂಬಲು ನೆರವಾಗಿ, ಜನರ ಅಗತ್ಯವನ್ನು ಯೋಜನೆಯಲ್ಲಿ ಸೇರಿಸುವ ವ್ಯಕ್ತಿ ಬೇಕು. ಪರಂಪರೆ ನಿರ್ವಹಣೆ ಓದಿದವರ ಕೆಲಸಗಳಲ್ಲಿ ಇದೂ ಒಂದು.

ಓದಿದ ಮೇಲೆ ಕೆಲಸ?

ಕೇಂದ್ರ ಮತ್ತು ರಾಜ್ಯದ ಪುರಾತತ್ವ ಇಲಾಖೆಗಳು, ಮ್ಯೂಸಿಯಂಗಳು, ಪರಂಪರೆ ಉಳಿಸಲೆಂದೇ 1984ರಲ್ಲಿ ಶುರುವಾದ ಇಂಟ್ಯಾಕ್ ಸಂಸ್ಥೆ, ಸಂರಕ್ಷಣಾ ಆರ್ಕಿಟೆಕ್ಟ್‌ಗಳ ಕಚೇರಿಗಳು, ಪತ್ರಾಗಾರಗಳು, ಕಾಲೇಜು ಬೋಧನೆ. ಸರ್ಕಾರಿ ಹುದ್ದೆಗಳು ಕಡಿಮೆ, ನೇಮಕಾತಿ ತಡವಾಗುತ್ತದೆ. ಖಾಸಗಿ ಕೆಲಸ ಹೆಚ್ಚಾಗಿ ಒಂದೊಂದು ಯೋಜನೆಗೆ ಗುತ್ತಿಗೆ ಮೇಲೆ. ಮೊದಲ ವರ್ಷಗಳ ಸಂಬಳ ಐಟಿ ಕಂಪನಿಯ ಸಂಬಳಕ್ಕೆ ಸಾಟಿಯಲ್ಲ. ಮನೆಯವರ ಜೊತೆ ಇದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕೈಕೆಲಸ ಬಲ್ಲವರಿಗೆ, ಅಂದರೆ ಸುಣ್ಣದ ಗಾರೆ ಮಾಡಿಸಬಲ್ಲವರಿಗೆ, ನಕ್ಷೆ ಬಿಡಿಸಬಲ್ಲವರಿಗೆ, ಶಾಸನ ಓದಬಲ್ಲವರಿಗೆ ಬೇಡಿಕೆ ಇರುತ್ತದೆ.

ಅರ್ಜಿ ಹಾಕುವ ಮೊದಲು ಊರಲ್ಲೇ ಮಾಡಬಹುದಾದ್ದು

ಪ್ರವೇಶ ಸಂದರ್ಶನದಲ್ಲಿ ಅಂಕಪಟ್ಟಿಯ ಜೊತೆಗೆ ನಿಮ್ಮ ಆಸಕ್ತಿಗೆ ಸಾಕ್ಷಿ ಇದ್ದರೆ ಅನುಕೂಲ. ಅದಕ್ಕೆ ದೊಡ್ಡ ಸ್ಮಾರಕವೇ ಬೇಕಿಲ್ಲ. ನಿಮ್ಮೂರಿನ ಒಂದು ಕಲ್ಯಾಣಿ ಅಥವಾ ಮಂಟಪ ಸಾಕು. ಅಳತೆ ತೆಗೆಯಿರಿ, ನಕ್ಷೆ ಬಿಡಿಸಿ. ಪ್ರತಿ ಮೂಲೆಯ ಫೋಟೋ ತೆಗೆದು ತಾರೀಖು ಬರೆದಿಡಿ. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಅದೇ ಜಾಗದಿಂದ ಮತ್ತೆ ತೆಗೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ಬಿರುಕು ಎಲ್ಲಿ ಬೆಳೆಯುತ್ತಿದೆ ಅಂತ ಗೊತ್ತಾಗುತ್ತದೆ. ಊರಿನ ಹಿರಿಯರನ್ನು ಕೂರಿಸಿಕೊಂಡು ಹಿಂದೆ ಹೇಗಿತ್ತು, ಯಾರು ನೋಡಿಕೊಳ್ಳುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ.

ನಿಮ್ಮೂರಿನಲ್ಲಿ ಶಾಸನ ಇದ್ದರೆ ಅದು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ, ಅಂದರೆ ಜಿಲ್ಲಾವಾರು ಶಾಸನಗಳನ್ನು ಸಂಗ್ರಹಿಸಿದ ಪುಸ್ತಕಮಾಲೆಯಲ್ಲಿ, ಅಚ್ಚಾಗಿದೆಯಾ ನೋಡಿ. ಈ ಸಂಪುಟಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರ ಕಾಲದಲ್ಲಿ ತುಮಕೂರು ಜಿಲ್ಲೆಯ ಸಂಪುಟ 1904ರಲ್ಲಿ, ಕೋಲಾರದ್ದು 1905ರಲ್ಲಿ ಬಂತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಹಾಗಾಗಿ ಅಲ್ಲಿನ ತಾಲ್ಲೂಕುಗಳ ಶಾಸನಗಳನ್ನು ಕೋಲಾರದ ಸಂಪುಟದಲ್ಲೇ ಹುಡುಕಬೇಕು. ಪುಸ್ತಕದಲ್ಲಿ ಇರುವ ಕಲ್ಲು ಊರಿನಲ್ಲಿ ಇನ್ನೂ ಇದೆಯಾ, ಇದ್ದರೆ ಯಾವ ಸ್ಥಿತಿಯಲ್ಲಿದೆ ಅಂತ ಹೋಗಿ ನೋಡಿ ಬರೆಯಿರಿ. ಕಲ್ಲಿನ ಮೇಲೆ ಸೀಮೆಸುಣ್ಣ, ಬಣ್ಣ ಏನೂ ಹಚ್ಚಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಅಥವಾ ಪಕ್ಕದಿಂದ ಟಾರ್ಚ್ ಹಿಡಿದರೆ ಅಕ್ಷರ ಚೆನ್ನಾಗಿ ಕಾಣುತ್ತದೆ.